ಹನ್ನೆರಡೂ ಮುಕ್ಕಾಲರ ನಿದ್ದೆ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಹದಿನಾಲ್ಕು ವರ್ಷ ಕುಳಿತವನಿಗೆ ಜನ ಐದ್ನಿಮಿಷ ಎಂದು ಅಡ್ಡಹೆಸರಿಟ್ಟಿದ್ದರು. ಬಸ್ಸು ಎಲ್ಲಿದೆ ಎಂದು ಯಾರು ಬಂದು ಕೇಳಿದರೂ, ಆ ಬಸ್ಸು ಎಲ್ಲೋ ದಾರಿಯಲ್ಲಿ ಚಕ್ರ ಬಿಚ್ಚಿಸಿಕೊಂಡು ನಿಂತಿದ್ದರೂ, ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಇನ್ನೈದು ನಿಮಿಷ ಸಾರ್, ಬಂದೇಬಿಡ್ತು." ಇದನ್ನು ಸುಳ್ಳು ಎನ್ನುವವರು ಆ ಕಿಟಕಿಯ ಹಿಂದೆ ಒಂದು ದಿನ ಕುಳಿತು ನೋಡಬೇಕು. ಚೀಲ ಹೊತ್ತು ಮಕ್ಕಳನ್ನು ಎಳೆದುಕೊಂಡು ಬಂದವರ ಮುಖಕ್ಕೆ ಹೊಡೆದ ಹಾಗೆ ಸತ್ಯ ಹೇಳಿದರೆ ಬಸ್ಸೇನು ಬೇಗ ಬರುವುದಿಲ್ಲ. ರಿಜಿಸ್ಟರಿನಲ್ಲೂ ಅಷ್ಟೇ. ಒಂದೂ ಹತ್ತರ ಬಸ್ಸನ್ನು ಅವನು ಒಂದೂ ಹತ್ತಕ್ಕೇ 'ಬಂದಿದೆ' ಎಂದು ಬರೆದು ಸಹಿ ಹಾಕಿಬಿಡುತ್ತಿದ್ದ. ಇವತ್ತಲ್ಲ ನಾಳೆ ಬಂದೇ ಬರುವ ಬಸ್ಸಿಗಾಗಿ ಪೆನ್ನು ಹಿಡಿದು ಕಾಯುವುದು ಆ ಕಿಟಕಿಯ ಪದ್ಧತಿಯಾಗಿರಲಿಲ್ಲ.

ಇಂಥವನ ಕೈಗೆ ಅವನ ಅತ್ತೆ ಒಂದು ಚಾರ್ಟು ಕೊಟ್ಟರು. ಅತ್ತೆ ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿ, ಹೆಡ್ ನರ್ಸ್ ಆಗಿ ನಿವೃತ್ತರಾದವರು. ಗೆರೆ ಎಳೆದು, ಗಂಟೆ ಹಾಕಿ ಬರೆದಿಡದ ಯಾವ ಸಂಗತಿಯೂ ಅವರ ಮಟ್ಟಿಗೆ ನಡೆದೇ ಇಲ್ಲ. ಚಾರ್ಟಿನಲ್ಲಿ ನಾಲ್ಕು ಕಾಲಂ ಇದ್ದವು: ದಿನ, ಮಲಗಿದ ಹೊತ್ತು, ಎದ್ದ ಹೊತ್ತು, ಮಲಗಿಸಿದವರ ಸಹಿ. ರೋಗಿಯ ಹೆಸರಿರಬೇಕಾದ ಜಾಗದಲ್ಲಿ 'ಪುಟ್ಟಿ' ಎಂದು ಬರೆದಿತ್ತು.

ಪುಟ್ಟಿ ಐದ್ನಿಮಿಷನ ಮಗಳು, ಎರಡೂವರೆ ವರ್ಷದವಳು. ಹದಿಮೂರು ತಿಂಗಳ ಹಿಂದೆ ಅವನ ಹೆಂಡತಿ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಾಗ, ಸ್ವಲ್ಪ ದಿನ ನಮ್ಮ ಹತ್ತಿರ ಇರಲಿ ಎಂದು ಅತ್ತೆ ಮಗುವನ್ನು ಎತ್ತಿಕೊಂಡು ಹೋಗಿದ್ದರು. ಆ ಸ್ವಲ್ಪ ದಿನ ವರ್ಷ ದಾಟಿತು. ಐದ್ನಿಮಿಷ ಭಾನುವಾರ ಹೋಗಿ ಮಗುವನ್ನು ನೋಡಿ, ಸಂಜೆ ತನ್ನ ಮನೆಗೆ ಬಂದು ಬೀಗ ತೆಗೆಯುತ್ತಿದ್ದ. ಒಳಗೆ ಮಗುವಿನ ಪುಟ್ಟ ಹಾಸಿಗೆ ಹಾಸಿದ ಹಾಗೇ ಇತ್ತು. ಅದನ್ನು ಮಡಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಒಂದು ಭಾನುವಾರ ಧೈರ್ಯ ಮಾಡಿ ಕೇಳಿಯೇಬಿಟ್ಟ. "ಅತ್ತೆ, ಬೆಳಗಿನ ಪಾಳಿ ಕೇಳಿ ಹಾಕಿಸ್ಕೊಂಡಿದ್ದೀನಿ. ಹನ್ನೆರಡಕ್ಕೆಲ್ಲ ಮನೇಲಿರ್ತೀನಿ. ಅಲ್ಲಿ ತನಕ ಪಕ್ಕದ್ಮನೆಯವರು ನೋಡ್ಕೊಳ್ತಾರೆ. ಪುಟ್ಟಿನ ಕರ್ಕೊಂಡು ಹೋಗ್ಲಾ?"

ಅತ್ತೆ ಮಗುವಿನ ಬಟ್ಟೆ ಮಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಮಧ್ಯಾಹ್ನ ಮಲಗಿಸೋದು ಯಾರು?"

"ನಾನೇ."

"ಯಾವತ್ತಾದ್ರೂ ಮಲಗಿಸಿದ್ದೀರಾ?"

ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಿಟಕಿಯ ಹಿಂದೆ ಪಳಗಿದ ನಾಲಿಗೆ ಸುಮ್ಮನಿರಬೇಕಲ್ಲ. "ಏನತ್ತೆ ಹೀಗೆ ಕೇಳ್ತೀರಿ? ರಜಾ ಇದ್ದಾಗೆಲ್ಲ ನಾನೇ ಮಲಗಿಸ್ತಿದ್ದೆ. ಭುಜದ ಮೇಲೆ ಹಾಕ್ಕೊಂಡ್ರೆ ಐದೇ ನಿಮಿಷ."

ಮೂಲೆಯಲ್ಲಿ ಪೇಪರು ಓದುತ್ತಿದ್ದ ಮಾವ ಒಮ್ಮೆ ಕೆಮ್ಮಿದರು. ಮಾವ ದರ್ಜಿ ಕೆಲಸ ಮಾಡಿಕೊಂಡಿದ್ದವರು. ಅತ್ತೆಯ ಮುಂದೆ ಮಾತಾಡುವುದಕ್ಕಿಂತ ಕೆಮ್ಮುವುದೇ ಕ್ಷೇಮ ಎಂದು ಎಂದೋ ಕಂಡುಕೊಂಡಿದ್ದರು.

ಅತ್ತೆಯ ತೀರ್ಪು ಹೀಗಿತ್ತು. ಮನರಂಜನಾ ಪಾರ್ಕಿಗೆ ಎರಡು ದಿನ ಹೋಗುವುದು. ಎರಡು ದಿನವೂ ಮಗುವಿನ ಮಧ್ಯಾಹ್ನದ ನಿದ್ದೆ ಅಪ್ಪನದೇ ಜವಾಬ್ದಾರಿ. ಹನ್ನೆರಡೂ ಮುಕ್ಕಾಲರಿಂದ ಎರಡೂ ಕಾಲು, ಒಂದೂವರೆ ಗಂಟೆ; ಅದನ್ನು ಅವನೇ ಆ ಚಾರ್ಟಿನಲ್ಲಿ ಬರೆದು ಸಹಿ ಹಾಕಬೇಕು. "ಗದ್ದಲದಲ್ಲಿ, ಹೊಸ ಜಾಗದಲ್ಲಿ ನಿಮ್ಮ ಹತ್ರ ಮಲಗಿದ್ರೆ ಮನೇಲೂ ಮಲಗ್ತಾಳೆ. ಆಮೇಲೆ ನಾನು ಒಂದು ಮಾತೂ ಆಡಲ್ಲ, ಬ್ಯಾಗು ತುಂಬಿ ಕಳಿಸ್ತೀನಿ. ಮಲಗದಿದ್ರೆ ಮತ್ತೆ ಈ ಮಾತು ಎತ್ತಬಾರದು."

ಹೀಗೆ ಜಗತ್ತಿನಲ್ಲಿ ಎಲ್ಲರೂ ಕುಣಿದು ಕುಪ್ಪಳಿಸಲು ಹೋಗುವ ಜಾಗಕ್ಕೆ ಐದ್ನಿಮಿಷ ನಿದ್ದೆಯ ಪರೀಕ್ಷೆ ಬರೆಯಲು ಹೊರಟ.

ಪಾರ್ಕಿನ ಗೇಟಿನ ಎದುರಿಗೇ ಲಾಡ್ಜು. ಮೂರನೇ ಮಹಡಿಯ ಕೋಣೆಯ ಕಿಟಕಿಯಿಂದ ಒಳಗಿನ ಜಯಂಟ್ ವೀಲ್ ಕಾಣುತ್ತಿತ್ತು. ಮಾವನಿಗೆ ಮಂಡಿನೋವು, ನಡೆಯಲಾಗದು. ಅತ್ತೆಯೂ ಕೋಣೆಯಲ್ಲೇ ಉಳಿದರು. ಪರೀಕ್ಷೆ ಬರೆಯುವವನ ಪಕ್ಕ ಕುಳಿತು ಇಣುಕುವುದು ನ್ಯಾಯವಲ್ಲ ಎಂಬುದು ಅವರ ಅಭಿಪ್ರಾಯ.

ಮೊದಲ ದಿನ ಹನ್ನೆರಡೂ ನಲವತ್ತಕ್ಕೆ ಐದ್ನಿಮಿಷ ಪುಟ್ಟಿಯನ್ನು ಬಾಡಿಗೆಯ ತಳ್ಳುಗಾಡಿಯಲ್ಲಿ ಮಲಗಿಸಿ, ಮೇಲೆ ದೊಡ್ಡ ಟವೆಲು ಹೊದಿಸಿ, ಸುತ್ತಲೂ ಬಟ್ಟೆ ಕ್ಲಿಪ್ಪು ಹಾಕಿ ಒಳಗೆ ಕತ್ತಲು ಮಾಡಿದ. ಪುಟ್ಟಿ ಕತ್ತಲಿಗೆ ಸಂತೋಷಪಟ್ಟು ಹಾಡು ಶುರುಮಾಡಿದಳು. ಸುಮ್ಮನಿರಲಿ ಎಂದು ಬಿಸ್ಕತ್ತಿನ ಪೊಟ್ಟಣ ಒಳಗೆ ತೂರಿಸಿದ. ಹನ್ನೆರಡೂ ಮುಕ್ಕಾಲಾಯಿತು. ಅವನು ಗಡಿಯಾರ ನೋಡಿದ, ಚಾರ್ಟು ತೆಗೆದ, 'ಮಲಗಿದ ಹೊತ್ತು 12.45' ಎಂದು ಬರೆದ. ಕೈ ಇನ್ನೂ ಮುಂದೆ ಹೋಗಿ 'ಎದ್ದ ಹೊತ್ತು 2.15' ಎಂದೂ ಬರೆದು ಸಹಿ ಹಾಕಿತು. ಆಮೇಲೆ ಅತ್ತೆಗೆ ಫೋನು ಮಾಡಿ ಪಿಸುದನಿಯಲ್ಲಿ, "ಮಲಗಿದ್ಲು" ಎಂದ.

ಟವೆಲಿನೊಳಗಿಂದ ದನಿ ಬಂತು. "ಅಪ್ಪಾ, ಕರಡಿ ಎಲ್ಲಿ?"

"ಯಾರದು ಮಾತಾಡಿದ್ದು?" ಎಂದರು ಅತ್ತೆ.

"ಕರಡಿ, ಅತ್ತೆ. ಇಲ್ಲಿ ಕರಡಿ ವೇಷ ಹಾಕ್ಕೊಂಡು ಒಬ್ಬರು ಓಡಾಡ್ತಾರೆ."

"ಕರಡಿ ಕರಡಿನೇ ಹುಡುಕುತ್ತಾ?"

"ಎರಡು ಕರಡಿ ಇದಾವೆ" ಎಂದು ಫೋನು ಇಟ್ಟ.

ಅಷ್ಟರಲ್ಲಿ ಮೆರವಣಿಗೆ ಬಂತು. ಮುಂದೆ ಡೋಲು, ಹಿಂದೆ ತುತ್ತೂರಿ, ನಡುವೆ ಆ ಒಂದೇ ಒಂದು ಕರಡಿ. ಈ ಸದ್ದು ಅತ್ತೆಯ ಕಿವಿಗೆ ಬಿದ್ದರೆ ಮುಗಿಯಿತು. ಐದ್ನಿಮಿಷ ದಾರಿಯ ನಡುವೆ ನಿಂತು, ರಿವರ್ಸ್ ಬರುವ ಬಸ್ಸನ್ನು ನಿಲ್ಲಿಸುವವನ ಹಾಗೆ ಕೈ ಎತ್ತಿದ.

"ಏನಾಯ್ತು?" ಎಂದ ಡೋಲಿನವನು.

"ಮಗು ಮಲಗಿದೆ. ಸ್ವಲ್ಪ ಸದ್ದು ಮಾಡದೆ ಹೋಗಿ."

"ಸದ್ದು ಮಾಡದೆ ಡೋಲು ಹೊಡೆಯೋದು ಹೇಗೆ ಸಾರ್?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಜನ ಸೇರಿದರು. ಎರಡು ಚೀಲ ಹಿಡಿದ ಹೆಂಗಸೊಬ್ಬಳು ಮುಂದೆ ಬಂದು ತಳ್ಳುಗಾಡಿಯನ್ನು ನೋಡಿ, "ಪಾಪ, ಇಷ್ಟು ಗದ್ದಲದಲ್ಲೂ ಮಿಸುಕಾಡ್ತಿಲ್ವಲ್ಲ. ತಾಯಿ ಎಲ್ಲಿ?" ಎಂದಳು.

"ಐದು ನಿಮಿಷ. ಬಂದೇಬಿಡ್ತಾಳೆ" ಎಂದ ಐದ್ನಿಮಿಷ.

ಹದಿನಾಲ್ಕು ವರ್ಷದ ಅಭ್ಯಾಸ. ಬಾಯಿ ತಾನಾಗಿ ಹೇಳಿತ್ತು. ಹೇಳಿದ ಮಾತು ತನ್ನ ಕಿವಿಗೇ ಬಿದ್ದಾಗ ಅವನು ಕೈ ಎತ್ತಿದ ಹಾಗೆಯೇ ನಿಂತುಬಿಟ್ಟ. ಹದಿಮೂರು ತಿಂಗಳಲ್ಲಿ ನಾಲ್ಕು ಜನರ ಮುಂದೆ ಅಳದವನು ಡೋಲು, ತುತ್ತೂರಿ, ಕರಡಿಯ ಮುಂದೆ ಬಿಕ್ಕಿಬಿಕ್ಕಿ ಅತ್ತ.

ಮುಚ್ಚಿದ ತಳ್ಳುಗಾಡಿ, ಅಲುಗಾಡದ ಟವೆಲು, ಪಕ್ಕದಲ್ಲಿ ಅಳುವ ಅಪ್ಪ. ಜನಕ್ಕೆ ಇನ್ನೇನು ಬೇಕು? "ಮಗುಗೆ ಏನೋ ಆಗಿದೆ" ಎಂದ ಒಬ್ಬ. "ಬೆಳಗ್ಗೆಯಿಂದ ಕಣ್ಣೇ ಬಿಟ್ಟಿಲ್ವಂತೆ" ಎಂದ ಇನ್ನೊಬ್ಬ. "ತಾಯಿ ಡಾಕ್ಟರನ್ನ ಕರ್ಕೊಂಡು ಬರೋಕೆ ಓಡಿದ್ದಾಳೆ, ಐದು ನಿಮಿಷದಲ್ಲಿ ಬರ್ತಾಳಂತೆ" ಎಂದು ಐಸ್‌ಕ್ರೀಮಿನವನು ಸ್ವತಃ ಕಂಡವನ ಹಾಗೆ ಹೇಳಿದ. ಸುದ್ದಿಗೆ ರೆಕ್ಕೆಪುಕ್ಕ ಬಂದು ಕಾವಲಿನವನನ್ನು ತಲುಪಿತು. ಕಾವಲಿನವನು ವಾಕಿಟಾಕಿಯಲ್ಲಿ ಮ್ಯಾನೇಜರಿಗೆ ತಲುಪಿಸಿದ. ಮ್ಯಾನೇಜರು ಆಟದಿಂದ ಅಪಘಾತವಾಗಿದೆ ಎಂದುಕೊಂಡು ಇಡೀ ಪಾರ್ಕಿನ ಆಟಗಳನ್ನು ನಿಲ್ಲಿಸಿಬಿಟ್ಟರು. ನೀರಿನ ಜಾರುಬಂಡಿಯಲ್ಲಿ ನೀರು ನಿಂತು, ಅರ್ಧ ಜಾರಿದವರು ಅರ್ಧದಲ್ಲೇ ಕುಳಿತರು. ಜಯಂಟ್ ವೀಲ್ ನಿಂತಿತು.

ಫೋನು ಬಂತು. "ಚಕ್ರ ಯಾಕೆ ನಿಂತಿದೆ?" ಎಂದರು ಅತ್ತೆ.

"ಮಗು ಮಲಗಿದೆ ಅಂತ, ಅತ್ತೆ" ಎಂದ, ಮೂಗು ಒರೆಸಿಕೊಳ್ಳುತ್ತ.

"ನಿಮ್ಮ ಮಗು ಮಲಗಿದೆ ಅಂತ ಜಯಂಟ್ ವೀಲ್ ನಿಲ್ಲಿಸಿದ್ದಾರಾ?"

"ಬಹಳ ಒಳ್ಳೆ ಜನ ಇಲ್ಲಿಯವರು."

ಪ್ರಥಮ ಚಿಕಿತ್ಸೆಯ ನರ್ಸು ಪೆಟ್ಟಿಗೆ ಹಿಡಿದು ಓಡಿ ಬಂದಳು. ಟವೆಲು ತೆಗೆಯಿರಿ ಎಂದಳು. ಐದ್ನಿಮಿಷ ಕ್ಲಿಪ್ಪುಗಳ ಮೇಲೆ ಕೈಯಿಟ್ಟು ಅಡ್ಡ ನಿಂತ. ತೆಗೆದರೆ ಚಾರ್ಟಿನ ಸುಳ್ಳು ಬಯಲಾಗುತ್ತದೆ. ತೆಗೆಯದಿದ್ದರೆ ಪೊಲೀಸರು ಬರುವಂತಿದೆ. "ಮುಖ ನೋಡೋಕೆ ಬಿಡ್ತಿಲ್ಲ, ಪಾಪ" ಎಂದು ಚೀಲದ ಹೆಂಗಸು ಕಣ್ಣೊರೆಸಿಕೊಂಡಳು. ಡೋಲಿನವನು ಡೋಲು ಕೆಳಗಿಟ್ಟ. ಕರಡಿ ತನ್ನ ತಲೆ ಕಳಚಿ ಕಂಕುಳಲ್ಲಿಟ್ಟುಕೊಂಡು ತಲೆ ತಗ್ಗಿಸಿತು.

ಆಗ ಒಂದು ಕ್ಲಿಪ್ಪು ಟಪ್ಪೆಂದು ಹಾರಿ, ಸಂದಿಯಿಂದ ಪುಡಿ ಮೆತ್ತಿದ ಪುಟ್ಟ ಕೈಯೊಂದು ಹೊರಬಂತು. "ಬಿಸ್ಕತ್ತು ಮುಗೀತು. ಇನ್ನೊಂದು ಕೊಡು."

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯುವುದು ಬೇಡ. ಜಯಂಟ್ ವೀಲಿನ ತುದಿಯಲ್ಲಿ ಇಪ್ಪತ್ತು ನಿಮಿಷ ತೂಗಾಡಿದವರು ಕೆಳಗಿಳಿದು ಆಡಿದ ಮಾತುಗಳು ಮುದ್ರಿಸುವಂಥವಲ್ಲ. ಮ್ಯಾನೇಜರು ಅವನಿಂದ ತಪ್ಪೊಪ್ಪಿಗೆ ಬರೆಸಿಕೊಂಡರು. 'ಮಗು ಮಲಗಿರಲಿಲ್ಲ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ' ಎಂದು ಬರೆದು ಅವನು ಅದಕ್ಕೂ ಸಹಿ ಹಾಕಿದ. ಆ ದಿನ ಅವನು ಮಾಡಿದ ಸಹಿಗಳಲ್ಲಿ ಅದೊಂದೇ ನಿಜ.

ಸಂಜೆ ಲಾಡ್ಜಿನ ಕೋಣೆಯಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಚಾರ್ಟು ನೋಡಿದರು.

"ನಮ್ಮ ವಾರ್ಡಲ್ಲಿ ಯಾರಾದ್ರೂ ಹೀಗೆ ಬರೆದಿದ್ರೆ, ರೋಗಿ ಮೂರು ಸಲ ಸತ್ತಿರ್ತಿದ್ದ." ಪೆನ್ನು ತೆಗೆದು ಆ ಸಾಲನ್ನು ಉದ್ದಕ್ಕೂ ಹೊಡೆದುಹಾಕಿದರು. "ನಿಜ ಹೇಳಿ. ಯಾವತ್ತಾದ್ರೂ ಮಲಗಿಸಿದ್ದೀರಾ ಇವಳನ್ನ?"

"ಇಲ್ಲ ಅತ್ತೆ. ಒಂದು ದಿನಾನೂ ಇಲ್ಲ. ಆ ಹೊತ್ತಲ್ಲಿ ನಾನು ಕಿಟಕೀಲಿರ್ತಿದ್ದೆ." ಅವನು ನೆಲ ನೋಡುತ್ತ ಹೇಳಿದ. "ನಿಮ್ಮ ಮಗಳೇ ಮಲಗಿಸಿ ಫೋನು ಮಾಡ್ತಿದ್ಲು, ಪ್ರತಿ ದಿನ. ಮಗು ಎದ್ದುಬಿಡುತ್ತೆ ಅಂತ ಪಿಸುಗುಟ್ಟಿ 'ಮಲಗಿದ್ಲು' ಅಂತಿದ್ಲು. ಅಷ್ಟೇ. ಇಟ್ಟುಬಿಡ್ತಿದ್ಲು. ಬಸ್ಸಿನ ಸದ್ದಲ್ಲಿ ಅದೂ ಸರಿಯಾಗಿ ಕೇಳ್ತಿರಲಿಲ್ಲ. ಮಗು ಮಲಗೋದರ ಬಗ್ಗೆ ನನಗೆ ಗೊತ್ತಿರೋದು ಅದೊಂದೇ ಮಾತು."

ಮಾವ ಕೆಮ್ಮಲಿಲ್ಲ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಅವರಿಗೂ ಇದ್ದದ್ದು ಒಬ್ಬಳೇ ಮಗಳು.

"ನಾಳೆ ಇನ್ನೊಂದು ದಿನ ಇದೆ" ಎಂದರು ಕೊನೆಗೆ. "ನಾಳೆ ಒಂದು ದಿನ ಮಲಗಿಸಿದ್ರೂ ಸಾಕು. ನಾನು ಮಾತಿಗೆ ತಪ್ಪಲ್ಲ."

ಮರುದಿನ ಐದ್ನಿಮಿಷ ಟವೆಲು ಒಯ್ಯಲಿಲ್ಲ, ಕ್ಲಿಪ್ಪು ಒಯ್ಯಲಿಲ್ಲ. ಪಾರ್ಕಿನವರು ಅವನಿಗೆ ತಳ್ಳುಗಾಡಿ ಕೊಡಲು ಒಪ್ಪಲೂ ಇಲ್ಲ. ಮಗುವನ್ನು ಎತ್ತಿಕೊಂಡು ಜಯಂಟ್ ವೀಲಿನ ಹಿಂದೆ, ಜನ ಓಡಾಡದ ಕಡೆ ಒಂದು ಸಿಮೆಂಟ್ ಬೆಂಚು ಹಿಡಿದ. ತಟ್ಟಿದ. ತೂಗಿದ. ಅವನಿಗೆ ಬರುತ್ತಿದ್ದದ್ದು ಒಂದೇ ಹಾಡು. ಅದನ್ನು ಹಾಡಿದಾಗ ಪುಟ್ಟಿ ತನ್ನ ಕೈಯಿಂದ ಅವನ ಬಾಯಿ ಮುಚ್ಚಿದಳು. ಕಥೆ ಹೇಳಲು ಹೋದರೆ ಅವಳೇ ನಡುವೆ ಬಂದು ರಾಜನನ್ನು ಜಾರುಬಂಡಿಗೆ ಕಳಿಸಿಬಿಟ್ಟಳು. ಹನ್ನೆರಡೂ ಮುಕ್ಕಾಲು ದಾಟಿತು. ಐವತ್ತಾಯಿತು. ಇನ್ನು ಮುಗಿಯಿತು, ಮಗು ನನ್ನ ಮನೆಗೆ ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

"ಇನ್ನೇನು ಹೇಳ್ಲಿ ಮರಿ ನಿಂಗೆ? ನನಗೆ ಬೇರೆ ಏನೂ ಬರಲ್ಲ" ಎಂದ. ಬರುತ್ತಿದ್ದದ್ದು ಒಂದೇ. ಕಿಟಕಿಯ ಮೈಕಿನಲ್ಲಿ ದಿನವೂ ಕೂಗುತ್ತಿದ್ದದ್ದನ್ನೇ ಸೋತ ದನಿಯಲ್ಲಿ ಶುರುಮಾಡಿದ.

"ಪ್ರಯಾಣಿಕರ ಗಮನಕ್ಕೆ. ಒಂದು ಗಂಟೆ ಹತ್ತು ನಿಮಿಷದ ಬಸ್ಸು ಅಂಕಣ ಆರರಿಂದ ಹೊರಡಲಿದೆ. ಒಂದು ಗಂಟೆ ಇಪ್ಪತ್ತು ನಿಮಿಷದ ತಡೆರಹಿತ ಬಸ್ಸು ಅಂಕಣ ಎರಡರಿಂದ ಹೊರಡಲಿದೆ. ಒಂದು ಗಂಟೆ ಮೂವತ್ತೈದು ನಿಮಿಷದ ಬಸ್ಸು…"

ಬಸ್ ನಿಲ್ದಾಣದ ಬೆಂಚುಗಳ ಮೇಲೆ ಹದಿನಾಲ್ಕು ವರ್ಷದಿಂದ ಜನ ತೂಕಡಿಸುತ್ತಿದ್ದುದಕ್ಕೆ ಬಸ್ಸು ತಡವಾಗುವುದೇ ಕಾರಣ ಎಂದು ಇಲಾಖೆ ನಂಬಿತ್ತು. ಹಾಗಲ್ಲ ಎಂಬುದು ಅಂದು ತಿಳಿಯಿತು. ಅವನ ಬಾಯಲ್ಲಿ ಎರಡೂ ಹತ್ತರ ಬಸ್ಸು ಅಂಕಣ ಬಿಡುವ ಮೊದಲೇ ಪುಟ್ಟಿಯ ತಲೆ ಅವನ ಎಡ ಭುಜದ ಮೇಲೆ ಭಾರವಾಗಿ ಕುಳಿತಿತು. ಅವನು ನಿಲ್ಲಿಸಲು ಹೆದರಿ ರಾತ್ರಿಯ ಕೊನೆಯ ಬಸ್ಸಿನವರೆಗೂ ಹೇಳಿದ. ಆಮೇಲೆ ಬಗ್ಗಿ ನೋಡಿದ. ಬಾಯಿ ಅರ್ಧ ತೆರೆದು, ಜೊಲ್ಲು ಸುರಿಸಿಕೊಂಡು ಮಲಗಿದ್ದಳು.

ಐದ್ನಿಮಿಷ ಉಸಿರಾಡುವುದನ್ನೂ ಲೆಕ್ಕ ಹಾಕಿ ಮಾಡಿದ. ಜೇಬಿನಲ್ಲಿ ಚಾರ್ಟು ಇತ್ತು, ತೆಗೆಯಲು ಕೈ ಖಾಲಿ ಇರಲಿಲ್ಲ. ನಿನ್ನೆಯ ಕಾವಲಿನವನು ದೂರದಿಂದ ಅವನನ್ನು ಗುರುತು ಹಿಡಿದು ಸಂಶಯದಿಂದ ಹತ್ತಿರ ಬಂದ.

"ಇವತ್ತು ನಿಜವಾಗ್ಲೂ ಮಲಗಿದ್ಯಾ?"

ಐದ್ನಿಮಿಷ ಹೌದೆಂದು ರೆಪ್ಪೆ ಮಾತ್ರ ಬಡಿದ.

ಕಾವಲಿನವನು ಮಂಡಿಯೂರಿ ಮಗುವಿನ ಮುಖವನ್ನು ಚೆನ್ನಾಗಿ ಪರೀಕ್ಷಿಸಿದ. ಯಾರೂ ಕೇಳದಿದ್ದರೂ ಎದ್ದು ಹೋಗಿ ದಾರಿಯ ತಿರುವಿನಲ್ಲಿ ಅಡ್ಡ ನಿಂತ. ಅಂದಿನ ಮೆರವಣಿಗೆ ಡೋಲು ಸಮೇತ ಬೇರೆ ದಾರಿಯಲ್ಲಿ ಹೋಯಿತು.

ಎರಡು ಗಂಟೆಗೆ ಅವನು ಮೆಲ್ಲಗೆ ಎದ್ದ. ಮಲಗಿದ ಮಗುವನ್ನು ಅತ್ತೆಯ ಕಣ್ಣಿಗೇ ತೋರಿಸಬೇಕು, ಅವರೇ ಹೊತ್ತು ನೋಡಿ ಬರೆದುಕೊಳ್ಳಲಿ. ರಸ್ತೆ ದಾಟಿ, ಮೂರು ಮಹಡಿ ಬೆಕ್ಕಿನ ಹೆಜ್ಜೆಯಲ್ಲಿ ಹತ್ತಿದ. ಹದಿಮೂರು ತಿಂಗಳಲ್ಲಿ ಅವನು ಅಷ್ಟು ಸಂತೋಷವಾಗಿ ಮೆಟ್ಟಿಲು ಹತ್ತಿರಲಿಲ್ಲ.

ಕೋಣೆಯ ಹೊರಗೆ, ಕಾರಿಡಾರಿನ ಬೆಂಚಿನ ಮೇಲೆ ಮಾವ ಒಬ್ಬರೇ ಕುಳಿತಿದ್ದರು. ಮಗುವನ್ನು ನೋಡಿ ಅವರ ಮುಖ ಅರಳಿತು, ಕೂಡಲೇ ಬಾಡಿತು. ಬೆರಳನ್ನು ತುಟಿಗಿಟ್ಟು ಅರೆತೆರೆದ ಬಾಗಿಲ ಕಡೆ ತೋರಿಸಿದರು.

ಒಳಗೆ ಅತ್ತೆ ಮಗ್ಗುಲಾಗಿ ಮಲಗಿದ್ದರು. ಕಣ್ಣು ತೆರೆದೇ ಇತ್ತು. ಬಲಗೈ ಪಕ್ಕದ ಖಾಲಿ ಹಾಸಿಗೆಯನ್ನು ಒಂದೇ ಸಮನೆ ತಟ್ಟುತ್ತಿತ್ತು. ಬಾಗಿಲ ಹತ್ತಿರ ಪುಟ್ಟಿಯ ಬ್ಯಾಗು ತುಂಬಿ, ಜಿಪ್ಪು ಎಳೆದು ಇಟ್ಟಿತ್ತು.

"ಬೆಳಗ್ಗೆನೇ ತುಂಬಿಟ್ಲು" ಎಂದು ಮಾವ ಪಿಸುಗುಟ್ಟಿದರು. "ಇವತ್ತು ಹೇಗಾದ್ರೂ ಮಲಗಿಸಿಬಿಡ್ತಾರೆ ಅಂದ್ಲು." ಆಮೇಲೆ ಜೀವಮಾನದಲ್ಲಿ ಅಳಿಯನೊಡನೆ ಆಡಿದ ಅತಿ ಉದ್ದದ ಮಾತು ಆಡಿದರು. "ಮಗಳು ಹೋದಾಗಿಂದ ಇವಳು ರಾತ್ರಿ ಕಣ್ಣು ಮುಚ್ಚಿದ್ದು ನಾನು ನೋಡಿಲ್ಲ. ಎದ್ದು ಕೂತಿರ್ತಾಳೆ. ಮೂವತ್ತು ವರ್ಷ ಬೇರೆಯವರ ಮಕ್ಕಳ ಜ್ವರ ಇಳಿಸಿದ್ದೀನಿ ಅಂತಾಳೆ, ಅಷ್ಟೇ, ಇನ್ನೇನೂ ಅನ್ನಲ್ಲ. ಮಧ್ಯಾಹ್ನ ಈ ಮಗು ಪಕ್ಕದಲ್ಲಿ ಮಲಗಿದಾಗ ಮಾತ್ರ ಇವಳಿಗೂ ನಿದ್ದೆ ಹತ್ತುತ್ತೆ. ಆ ಒಂದೂವರೆ ಗಂಟೆ. ನಿನ್ನೆಯಿಂದ ಅದೂ ಇಲ್ಲ."

ಐದ್ನಿಮಿಷ ಬಾಗಿಲಲ್ಲಿ ನಿಂತು ಆ ತಟ್ಟುವ ಕೈಯನ್ನು ನೋಡಿದ. ಬ್ಯಾಗನ್ನು ನೋಡಿದ. ಮಗು ತನ್ನದು, ಗೆದ್ದದ್ದು ತಾನು, ಯಾರೂ ಇಲ್ಲ ಎನ್ನುವಂತಿಲ್ಲ. ಅಷ್ಟರಲ್ಲಿ ಪುಟ್ಟಿ ಭುಜದ ಮೇಲೆ ಹೊರಳಿ, ಕಣ್ಣು ಬಿಟ್ಟು, ಅಜ್ಜಿಯನ್ನು ಕಂಡು, "ಅಜ್ಜಿ" ಎಂದಳು.

ಅತ್ತೆ ದಡಬಡಿಸಿ ಎದ್ದು ಕುಳಿತು ಕನ್ನಡಕ ಹುಡುಕಿದರು. "ಬಂದ್ರಾ? ಮಲಗಿದ್ಲಾ?"

"ಇಲ್ಲ ಅತ್ತೆ" ಎಂದ ಐದ್ನಿಮಿಷ. "ನನ್ನ ಹತ್ರ ಮಲಗಲಿಲ್ಲ."

ಕಾರಿಡಾರಿನಲ್ಲಿ ಮಾವ ಕೆಮ್ಮಲು ಹೋಗಿ ತಡೆದುಕೊಂಡರು.

"ಒಂದು ಗಳಿಗೆನೂ?"

"ಒಂದು ಗಳಿಗೆನೂ ಇಲ್ಲ. ಏನೇನೋ ಮಾಡಿದೆ. ನನ್ನ ಕೈಲಿ ಆಗಲ್ಲ ಬಿಡಿ. ನಿಮ್ಮ ಹತ್ರಾನೇ ಇರಲಿ."

ಅತ್ತೆ ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು. ಮೂವತ್ತು ವರ್ಷ ರೋಗಿಗಳ ಮುಖ ನೋಡಿ ಸುಳ್ಳು ಹಿಡಿದ ಕಣ್ಣು. ಅದು ಅವನ ಮುಖದಿಂದ ಕೆಳಗಿಳಿದು ಎಡ ಭುಜದ ಮೇಲೆ ನಿಂತಿತು. ಅಂಗಿಯ ಮೇಲೆ ಅಂಗೈಯಗಲ ಒದ್ದೆಯಾಗಿತ್ತು.

"ಭುಜ ಯಾಕೆ ಒದ್ದೆ?"

"ಬೆವರು ಅತ್ತೆ. ಹೊರಗೆ ಬಿಸಿಲು."

"ಬೆವರು ಒಂದೇ ಭುಜಕ್ಕೆ ಬರುತ್ತಾ?"

"ನನಗೆ ಹಾಗೇ ಬರೋದು" ಎಂದ.

ಅತ್ತೆ ಕನ್ನಡಕ ತೆಗೆದಿಟ್ಟರು. ಕೈಚಾಚಿ ಮಗುವನ್ನು ತೆಗೆದುಕೊಂಡರು. ಪಕ್ಕದಲ್ಲಿ ಮಲಗಿಸಿಕೊಂಡು, ಗೋಡೆಯ ಕಡೆ ತಿರುಗಿ ಹೇಳಿದರು: "ಇನ್ಮೇಲೆ ಬುಧವಾರಾನೂ ಬನ್ನಿ. ಮಧ್ಯಾಹ್ನ ಊಟಕ್ಕೇ ಬಂದ್ಬಿಡಿ."

"ಬರ್ತೀನಿ ಅತ್ತೆ."

ಪುಟ್ಟಿಗೆ ನಿದ್ದೆ ಬೇಕಾದಷ್ಟು ಆಗಿತ್ತು. ಅವಳು ಕಣ್ಣು ಪಿಳಿಪಿಳಿ ಬಿಟ್ಟು ಛಾವಣಿ ನೋಡುತ್ತ ಕಾಲು ಆಡಿಸುತ್ತಿದ್ದಳು. ತಟ್ಟುತ್ತಿದ್ದ ಅಜ್ಜಿಯ ಕೈ ಮಾತ್ರ ನಿಧಾನವಾಗುತ್ತ ಬಂದು ನಿಂತಿತು. ಎರಡು ನಿಮಿಷದಲ್ಲಿ ಸಣ್ಣ ಗೊರಕೆ ಕೇಳಿಸಿತು.

ಐದ್ನಿಮಿಷ ಬಾಗಿಲನ್ನು ಸದ್ದಾಗದಂತೆ ಎಳೆದು ಹೊರಗೆ ಬಂದ. ಮಾವ ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ಅವನು ಕುಳಿತ. ಎಡ ಭುಜದ ಮೇಲೆ ಬಲಗೈ ಇಟ್ಟುಕೊಂಡು, ಅದು ಒಣಗುವ ತನಕ ಅಲ್ಲಿಂದ ಏಳಲಿಲ್ಲ.